ಥಂಡಿಯಣ್ಣ ಕಟ್ಟಿದ ಬಿಸಿ ಮನೆ

ಫ್ರಿಜ್ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಥಂಡಿಯಣ್ಣ. ಯಾರು ಇಟ್ಟರೋ ಗೊತ್ತಿಲ್ಲ, ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂತುಬಿಟ್ಟಿದೆ. ಹೋಗಬೇಕಾದ ಮನೆ ಈ ಬದಿಯಲ್ಲೇ ಇದ್ದರೂ ಬಿಸಿಲು ಕಂಡರೆ ಅವನು ರಸ್ತೆ ದಾಟಿ ನೆರಳಿನ ಬದಿಯಲ್ಲಿ ನಡೆಯುತ್ತಾನೆ. ಟೀ ತಂದುಕೊಟ್ಟರೆ ಕೆನೆಗಟ್ಟಿ ಆರುವ ತನಕ ಮುಟ್ಟುವುದಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಬಾಗಿಲಿಲ್ಲದ ಫ್ರಿಜ್‌ಗಳು ಒಂದು ಕಡೆ, ಫ್ರಿಜ್ ಇಲ್ಲದ ಬಾಗಿಲುಗಳು ಇನ್ನೊಂದು ಕಡೆ. ನಡುವೆ ಕಂಪ್ರೆಸರ್, ತಾಮ್ರದ ಕೊಳವೆ, ಬಾಗಿಲಿನ ಅಂಚಿಗೆ ಕೂರಿಸುವ ರಬ್ಬರ್ ಪಟ್ಟಿಗಳ ಗುಡ್ಡೆ. ಆ ಗುಡ್ಡೆಯ ಹಿಂದೆ ಒಂದು ಟೇಬಲ್ ಫ್ಯಾನು, ಫ್ಯಾನಿನ ಎದುರಿಗೆ ಅವನು.

ಕೆಲಸದಲ್ಲಿ ಮಾತ್ರ ಅವನನ್ನು ಹಿಡಿಯುವವರಿಲ್ಲ. ರಿಪೇರಿ ಮುಗಿದ ಮೇಲೆ ಮೇಲಿನ ತಟ್ಟೆ, ಕೆಳಗಿನ ತಟ್ಟೆ, ಬಾಗಿಲಿನ ಮೂಲೆ, ತರಕಾರಿ ಡಬ್ಬ, ಎಲ್ಲ ಕಡೆ ಅಂಗೈ ಹಿಂಭಾಗ ಇಟ್ಟು ನೋಡುತ್ತಾನೆ. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಮ್ಮಿಯಿಲ್ಲ ಎಂದಾದರೆ ಮಾತ್ರ ಬಾಗಿಲು ಮುಚ್ಚುತ್ತಾನೆ. ಗಿರಾಕಿ ಅವಸರ ಮಾಡಿದರೆ ಒಂದೇ ಉತ್ತರ: "ಒಳಗಡೆ ಎಲ್ಲ ಒಂದೇ ಸಮ ಇರ್ಬೇಕು ಸ್ವಾಮಿ. ಒಂದು ಮೂಲೇಲಿ ಐಸು, ಇನ್ನೊಂದು ಮೂಲೇಲಿ ಒಡೆದ ಹಾಲು ಅಂದ್ರೆ ಅದು ಫ್ರಿಜ್ಜಲ್ಲ, ಬಟ್ಟೆ ಬೀರು."

ಇಂಥವನ ಮನೆಗೆ ಬಂದು ಕೂತವರು ಅವನ ಅತ್ತೆ, ಹೆಂಡತಿಯ ತಾಯಿ. ಅವರೋ ಬೇಕರಿಯವರು. ಯೌವನದಿಂದ ಮುಪ್ಪಿನ ತನಕ ಬ್ರೆಡ್ಡಿನ ಒಲೆಯ ಮುಂದೆ ನಿಂತು ಮೈ ಕಾಸಿಕೊಂಡ ಹೆಂಗಸು. ಗಂಡ ತೀರಿಕೊಂಡ ಮೇಲೂ ಒಬ್ಬರೇ ಒಲೆ ನಡೆಸಿದರು. ಮಂಡಿ ಕೈಕೊಟ್ಟಾಗ ಬೇಕರಿಯನ್ನು ಬೇರೆಯವರಿಗೆ ವಹಿಸಿ, "ಒಂದಷ್ಟು ದಿನ ಇದ್ದು ನೋಡ್ತೀನಿ" ಎಂದು ಮಗಳ ಮನೆಗೆ ಬಂದರು. ಒಲೆಯ ಕಾವಿಗೆ ಒಗ್ಗಿದ ಮೈಗೆ ಈ ಮನೆ ಹಿಮಾಲಯ. ಮನೆಯೊಳಗೂ ಸ್ವೆಟರು. ಬೆಳಿಗ್ಗೆಯಾದರೆ ಕಿಟಕಿಯ ಬಿಸಿಲಿಗೆ ಕುರ್ಚಿ ಎಳೆದುಕೊಂಡು ಕೂರುವರು. ಅದೇ ಕೋಣೆಯ ಆಚೆ ತುದಿಯಲ್ಲಿ, ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು ಅಳಿಯ. ಅವರು ಬಂದು ಫ್ಯಾನು ನಿಲ್ಲಿಸುವರು, ಅವರು ಎದ್ದು ಹೋದ ಮೇಲೆ ಇವನು ಹಾಕುವನು. ಜಗಳವೆಂದರೆ ಜಗಳವಿಲ್ಲ. ಮಾತೇ ಇಲ್ಲವೆಂದ ಮೇಲೆ ಜಗಳ ಎಲ್ಲಿಂದ ಬರಬೇಕು?

ಹೌದು, ಮದುವೆಯಾದಾಗಿನಿಂದ ಅತ್ತೆ ಅಳಿಯ ನೇರವಾಗಿ ಮಾತಾಡಿದವರಲ್ಲ. ಮೊದಲು ಮರ್ಯಾದೆಗೆ ಸುಮ್ಮನಿದ್ದರು, ಆಮೇಲೆ ಅಭ್ಯಾಸವಾಯಿತು, ಈಗ ಶುರುಮಾಡಲು ಇಬ್ಬರಿಗೂ ನಾಚಿಕೆ. ಏನಿದ್ದರೂ ನಡುವೆ ಮಗಳು. "ಅವರಿಗೆ ಹೇಳು, ಸೊಳ್ಳೆ ಬರುತ್ತೆ, ಬಾಗಿಲು ಮುಚ್ಚಲಿ ಅಂತ." "ಅಮ್ಮಂಗೆ ಹೇಳು, ಮುಚ್ಚಿದೆ ಅಂತ." ಇಬ್ಬರೂ ಒಂದೇ ಕೋಣೆಯಲ್ಲೇ ಇರುತ್ತಿದ್ದರು ಎನ್ನುವುದು ಬೇರೆ ಮಾತು. ಹೆಂಡತಿ ಹಲ್ಲಿನ ಕ್ಲಿನಿಕ್ಕಿನಲ್ಲಿ ಫೋನಿನ ಮುಂದೆ ಕೂರುವವಳು. ಹಗಲೆಲ್ಲ ಹಲ್ಲುನೋವಿನವರ ಫೋನು, ಮನೆಗೆ ಬಂದರೆ ಇವರಿಬ್ಬರ ಫೋನು.

ಈಗ ಬಂದ ಸಂಕಟವೇನೆಂದರೆ, ಬೇರೆ ಊರಿನಲ್ಲಿರುವ ಅತ್ತೆಯ ಮಗ ಫೋನು ಮಾಡಿ, "ಅಮ್ಮ, ಭಾನುವಾರ ಕಾರು ತರ್ತೀನಿ, ನಮ್ಮನೆಗೆ ಬಂದುಬಿಡು" ಎಂದಿದ್ದ. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

"ಅಮ್ಮ ಇಲ್ಲೇ ಇರ್ಲಿ ರೀ," ಎಂದಳು ಹೆಂಡತಿ. ಥಂಡಿಯಣ್ಣ ತಲೆಯಾಡಿಸಿದ. ಅವನಿಗೂ ಅದೇ ಬೇಕಾಗಿತ್ತು, ಹೆಂಡತಿಗಿಂತ ಒಂದು ತೂಕ ಹೆಚ್ಚೇ. ತಾಯಿ ಬಂದಾಗಿನಿಂದ ಹೆಂಡತಿ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು. ಅದಕ್ಕಿಂತ ಮುಖ್ಯವಾಗಿ, ಅವನು ಕೆಲಸ ಮುಗಿಸಿ ಮೆಟ್ಟಿಲು ಹತ್ತಿದರೆ ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು: "ಬಂದ್ರಾ ಅವ್ರು? ತಟ್ಟೆ ಹಾಕೇ." ಅವನ ತಾಯಿ ಹೋದ ಮೇಲೆ ಯಾರೂ ಅವನ ಬರವನ್ನು ಹಾಗೆ ಕಾದಿರಲಿಲ್ಲ. ಆ 'ಬಂದ್ರಾ' ಕಿವಿಗೆ ಬಿದ್ದರೆ ಹಾಲು ಕುಡಿದಷ್ಟು ಸಂತೋಷ. ಆದರೆ ಇದನ್ನು ಹೇಳುವುದು ಹೇಗೆ? ಅದನ್ನೂ ಹೆಂಡತಿಯ ಕೈಲೇ ಹೇಳಿಸಬೇಕೆ?

ಅಷ್ಟರಲ್ಲಿ ಸಾಹೇಬರು ಸಿಕ್ಕಿದರು.

ಅತ್ತೆಗೆ ಮಗಳ ಕ್ಲಿನಿಕ್ಕಿನಲ್ಲಿ ಹಲ್ಲು ತೋರಿಸಿ ಥಂಡಿಯಣ್ಣ ತನ್ನ ವ್ಯಾನಿನಲ್ಲಿ ಮನೆಗೆ ಕರೆತರುತ್ತಿದ್ದ. ದಾರಿಯಲ್ಲಿ ಸಾಕುಪ್ರಾಣಿಗಳ ಅಂಗಡಿಯೊಂದರ ಫ್ರೀಜರಿಗೆ ಒಂದು ಬಿಡಿಭಾಗ ಹಾಕುವುದಿತ್ತು. ವ್ಯಾನಿನೊಳಗಿನ ಮೌನ ಸಾಕಾಗಿತ್ತೋ ಏನೋ, ಅತ್ತೆಯೂ ಇಳಿದು ಒಳಗೆ ಬಂದರು. ಅಲ್ಲಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ಮೊಳದುದ್ದದ ಪ್ರಾಣಿ. ನೋಡಲು ನಮ್ಮ ಬೇಲಿಯ ಓತಿಕ್ಯಾತನೇ, ಆದರೆ ಉಂಡು ತೇಗಿದ ಅಧಿಕಾರಿಯ ಹೊಟ್ಟೆ, ಗದ್ದದ ಕೆಳಗೆ ಮುಳ್ಳುಮುಳ್ಳಾದ ಗಡ್ಡ. ಬಿಯರ್ಡೆಡ್ ಡ್ರ್ಯಾಗನ್ ಅಂತೆ. ಅತ್ತೆ ಬಗ್ಗಿ ನೋಡಿದರು. ಅದು ಮುಂಗಾಲೊಂದನ್ನು ಮೆಲ್ಲಗೆ ಎತ್ತಿ, ಗಾಳಿಯಲ್ಲಿ ಒಂದು ಸುತ್ತು ಆಡಿಸಿ, ಕೆಳಗಿಟ್ಟಿತು. ಅತ್ತೆ ತಾವೂ ಕೈ ಎತ್ತಿದರು. ಅದು ಮತ್ತೆ ಆಡಿಸಿತು. ಅಲ್ಲಿಗೆ ಮುಗಿಯಿತು. ಥಂಡಿಯಣ್ಣ ಫ್ರೀಜರಿನ ಹಿಂದಿನಿಂದ ತಲೆ ಎತ್ತುವಷ್ಟರಲ್ಲಿ ಪ್ರಾಣಿ ರಟ್ಟಿನ ಡಬ್ಬದೊಳಗೆ, ಡಬ್ಬ ಅತ್ತೆಯ ಮಡಿಲಿನಲ್ಲಿ.

"ಇದಕ್ಕೆ ಬಿಸಿ ಚೆನ್ನಾಗಿ ಬೇಕು ಸರ್," ಎಂದು ಅಂಗಡಿಯಾಕೆ ದೀಪಗಳನ್ನೂ ಹುಳುಗಳ ಡಬ್ಬಿಯನ್ನೂ ಕೊಡುತ್ತಾ, ಎಷ್ಟು ಡಿಗ್ರಿ ಎಂದೂ ಹೇಳಿ, "ಆದ್ರೆ ಒಂದು ವಿಷ್ಯ..." ಎನ್ನುವಷ್ಟರಲ್ಲಿ ಥಂಡಿಯಣ್ಣ ಕೈ ಅಡ್ಡ ಹಿಡಿದ.

"ಡಿಗ್ರಿ ಹೇಳಿದ್ರಲ್ಲ, ಸಾಕು. ಟೆಂಪರೇಚರ್ ವಿಷ್ಯ ನಂಗೆ ಬಿಡಿ ಮೇಡಂ, ಅದೇ ನನ್ನ ಹೊಟ್ಟೆಪಾಡು."

ವ್ಯಾನು ಹೊರಟಿತು. ಅತ್ತೆ ಪಕ್ಕದ ಸೀಟಿನಲ್ಲಿ ಕೂತು ಫೋನು ತೆಗೆದು ಮಗಳಿಗೆ ಮಾಡಿದರು. "ಅವರಿಗೆ ಹೇಳು, ಇದಕ್ಕೊಂದು ಮನೆ ಆಗ್ಬೇಕು ಅಂತ."

"ಯಾವುದಕ್ಕೆ? ಅಮ್ಮ, ಅವ್ರು ನಿನ್ನ ಪಕ್ಕದಲ್ಲೇ ಇದ್ದಾರಲ್ಲ!" ಎಂದ ಮಗಳ ದನಿ ಥಂಡಿಯಣ್ಣನಿಗೂ ಕೇಳಿಸಿತು.

"ಅದಕ್ಕೇ ಹೇಳು ಅಂದಿದ್ದು," ಎಂದರು ಅತ್ತೆ.

ಥಂಡಿಯಣ್ಣನಿಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಅತ್ತೆ ತನ್ನಿಂದ ಒಂದು ಕೆಲಸ ಕೇಳಿದ್ದಾರೆ, ಅದೂ ಕಾವಿನ ಕೆಲಸ. ಇದೊಂದು ಗೆದ್ದರೆ ಭಾನುವಾರದ ಕಾರು ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಹೋಗುತ್ತದೆ. ಅಂಗಡಿಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಹಳೆಯ ಬಾಟಲ್ ಫ್ರಿಜ್ ಒಂದು ನಿಂತಿತ್ತು. ಅದನ್ನು ಅಡ್ಡ ಮಲಗಿಸಿದ. ಕಂಪ್ರೆಸರ್ ಬಿಚ್ಚಿದ, ಕೊಳವೆ ಕಿತ್ತ, ಒಳಗೆಲ್ಲ ಉಜ್ಜಿ ತೊಳೆದ. ದೀಪಗಳನ್ನು ನಡುಮಧ್ಯೆ ಕೂರಿಸಿದ. ಬಿಸಿ ಒಂದೇ ಕಡೆ ನಿಲ್ಲಬಾರದೆಂದು ಸಣ್ಣ ಫ್ಯಾನೊಂದನ್ನು ಹಾಕಿ ಗಾಳಿ ಸುತ್ತುವಂತೆ ಮಾಡಿದ. ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ ಎಳೆದ. ಹೆಂಡತಿ ಮೆಟ್ಟಿಲಿನ ಮೇಲೆ ನಿಂತು ಇದನ್ನೆಲ್ಲ ನೋಡಿದಳು.

"ಹುಳು ಕೆಡದ ಹಾಗೆ ತಣ್ಣಗಿನ ಫ್ರಿಜ್ಜಲ್ಲಿ ಇಡಿ ಅಂತ ಅಂಗಡಿಯವ್ರು ಅಂದ್ರು ಅಂತೀರ. ಹುಳು ತಿನ್ನೋದು ಬಿಸಿ ಫ್ರಿಜ್ಜಲ್ಲಿ ಇರುತ್ತೆ ಅಂತೀರ. ಹಾಲು ಎಲ್ಲಿಡ್ಲಿ ನಾನು?"

"ಅತ್ತೆಯವರ ಆಸೆ ಕಣೇ. ನೀನು ಏನಾದ್ರೂ ಅನ್ನು ಮತ್ತೆ!"

"ನಾನೇನಂದೆ? ಅಮ್ಮ ಹೇಳಿದ್ರೆ ಮುಗೀತು, ನಂದೇನಿದೆ," ಎಂದು ಅವಳೂ ನಕ್ಕಳು. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ.

ಪೆಟ್ಟಿಗೆಯನ್ನು ಮೇಲಿನ ಕೋಣೆಗೆ ಸಾಗಿಸಿ ಗೃಹಪ್ರವೇಶವೂ ಆಯಿತು. ಒಳಗೆ ಒಂದು ಮರದ ಕೊರಡು, ಒಂದು ಚಪ್ಪಟೆ ಕಲ್ಲು, ನೀರಿನ ತಟ್ಟೆ, ನೆಲಕ್ಕೆ ಒರಟು ಹಾಸು. ಥಂಡಿಯಣ್ಣ ನಾಲ್ಕು ಮೂಲೆಯಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಅಂಗಡಿಯಾಕೆ ಹೇಳಿದ ಡಿಗ್ರಿ, ಮೇಲೆ ಕೆಳಗೆ ಆಚೆ ಈಚೆ ಎಲ್ಲ ಕಡೆ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ. ಇಂಥ ಕೆಲಸ ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಅತ್ತೆ ಪ್ರಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಬಿಟ್ಟು, "ಸಾಹೇಬ್ರೇ, ಕೂತ್ಕೊಳಿ" ಎಂದರು. ಹೆಸರು ಅಂದಿನಿಂದ ಅದೇ. ಸಾಹೇಬರು ಕೊರಡಿನ ಮೇಲೆ ಹತ್ತಿ, ಹೊಟ್ಟೆ ಚಾಚಿ, ಅರ್ಜಿ ಹಿಡಿದು ನಿಂತವರನ್ನು ನೋಡುವಂತೆ ಮೂವರನ್ನೂ ನೋಡಿದರು. ಮನೆಯವರೆಲ್ಲ ನಕ್ಕರು, ಅತ್ತೆಯೂ ನಕ್ಕರು. ಥಂಡಿಯಣ್ಣ ಕಾಲರ್ ಸರಿಮಾಡಿಕೊಂಡ.

ಮಾರನೆಯ ದಿನ ಸಾಹೇಬರು ಊಟ ಬಿಟ್ಟರು. ಸೊಪ್ಪು ಇಟ್ಟರೆ ಮುಖ ತಿರುಗಿಸಿದರು, ಹುಳು ಕಣ್ಣೆದುರಿಗೇ ಹರಿದರೂ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಯಿ ತೆರೆದುಕೊಂಡು, ಗಾಜಿನುದ್ದಕ್ಕೂ ಪರಪರ ಕೆರೆಯುತ್ತಾ ಆ ತುದಿಯಿಂದ ಈ ತುದಿಗೆ ಓಡತೊಡಗಿದರು. ಗಡ್ಡ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಅತ್ತೆ ಕಿಟಕಿ ಬಿಟ್ಟು ಕುರ್ಚಿಯನ್ನು ಗಾಜಿನ ಮುಂದಕ್ಕೆ ಎಳೆದುಕೊಂಡರು. ಥಂಡಿಯಣ್ಣ ಮತ್ತೆ ಥರ್ಮಾಮೀಟರ್ ಇಟ್ಟ, ಮತ್ತೆ ಎಲ್ಲ ಕಡೆ ಒಂದೇ ಡಿಗ್ರಿ.

"ಮೆಷಿನ್ನಲ್ಲಿ ಏನೂ ದೋಷ ಇಲ್ಲ. ಹೊಸ ಜಾಗ, ಒಗ್ಗಬೇಕು ಅಂತ ಅಮ್ಮಂಗೆ ಹೇಳು," ಎಂದು ಹೆಂಡತಿಗೆ ಹೇಳಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಸಂಜೆ ಮೆಟ್ಟಿಲು ಹತ್ತುವಾಗ ಒಳಗಿನಿಂದ ಅತ್ತೆ ಫೋನಿನಲ್ಲಿ ಮಗನೊಂದಿಗೆ ಮಾತಾಡುವುದು ಕೇಳಿಸಿತು. "ಭಾನುವಾರ ಬಾಪ್ಪ. ಇದನ್ನ ಅಂಗಡಿಗೆ ವಾಪಸ್ ಕೊಟ್ಟು ನಿನ್ನ ಜೊತೆ ಬಂದ್ಬಿಡ್ತೀನಿ. ಪಾಪ, ಅವರೂ ಕಷ್ಟಪಟ್ಟು ಮಾಡಿದ್ರು. ಇಲ್ಲಿ ಇದಕ್ಕೂ ನಂಗೂ ಒಗ್ತಾ ಇಲ್ಲ." ಥಂಡಿಯಣ್ಣ ಅಲ್ಲೇ ನಿಂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆ 'ಪಾಪ' ಎನ್ನುವ ಮಾತು ಅವನನ್ನು ಇರಿಯಿತು. ಆ ರಾತ್ರಿ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಶನಿವಾರ ಅವನು ಅಂಗಡಿಯ ಬಾಗಿಲು ತೆರೆಯಲಿಲ್ಲ. ಹೆಂಡತಿ ಕ್ಲಿನಿಕ್ಕಿಗೆ ಹೋದಳು. ಮನೆಯಲ್ಲಿ ಅವನು, ಅತ್ತೆ, ಸಾಹೇಬರು. ದೀಪ ಆರಿಸಿ, ಒಳಗಿನ ಫ್ಯಾನು ಬಿಚ್ಚಿ ನೋಡೋಣವೆಂದು ಗಾಜಿನ ಬಾಗಿಲು ತೆಗೆದದ್ದೇ ತಡ, ಸಾಹೇಬರು ಅವನ ತೋಳಿನ ಮೇಲಿಂದ ನೆಲಕ್ಕೆ ಧುಮುಕಿ ಓಟ ಕಿತ್ತರು. ಥಂಡಿಯಣ್ಣ ಹಿಡಿಯಲು ಹಾರಿದ.

"ನಿಲ್ಲಿ! ಹಿಡೀಬೇಡಿ!"

ಅವನು ಬಗ್ಗಿದ ಭಂಗಿಯಲ್ಲೇ ನಿಂತ. ಅದು ಅತ್ತೆಯ ದನಿ, ಅವನಿಗೇ ಹೇಳಿದ್ದು, ನಡುವೆ ಯಾರೂ ಇಲ್ಲ. ಇಬ್ಬರಿಗೂ ಅದರ ಅರಿವಾಯಿತು, ಇಬ್ಬರೂ ಅರಿವಾಗದವರಂತೆ ಇದ್ದರು.

ಸಾಹೇಬರು ನೇರ ಹೋದದ್ದು ಕಿಟಕಿಯ ಬಿಸಿಲಿಗೆ. ಅಲ್ಲಿ ಮೈ ಚಪ್ಪಟೆ ಮಾಡಿಕೊಂಡು ಮಲಗಿದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಕೋಣೆ ದಾಟಿ, ಥಂಡಿಯಣ್ಣನ ಚಾಪೆಯ ಪಕ್ಕದ ತಣ್ಣನೆಯ ನೆಲಕ್ಕೆ ಹೊಟ್ಟೆ ಹಚ್ಚಿ ಕೂತರು. ತೆರೆದ ಬಾಯಿ ಮುಚ್ಚಿತು. ಮತ್ತೆ ಸ್ವಲ್ಪ ಹೊತ್ತಿಗೆ ವಾಪಸ್ ಬಿಸಿಲಿಗೆ. ಗಡ್ಡದ ಕಪ್ಪು ಇಳಿಯುತ್ತಿತ್ತು.

"ನೋಡಿದ್ರಾ?" ಎಂದರು ಅತ್ತೆ.

"ನೋಡ್ದೆ. ಒಂದ್ಸಲ ಬಿಸಿ, ಒಂದ್ಸಲ ತಂಪು. ಇದಕ್ಕೆ ಏನು ಬೇಕಂತೆ ಹಾಗಾದ್ರೆ?"

"ಎರಡೂ ಬೇಕು. ಅಲ್ಲ, ನೀವು ಪೆಟ್ಟಿಗೆ ಒಳಗೆ ಎಲ್ಲ ಕಡೆ ಒಂದೇ ಬಿಸಿ ಇಟ್ಟಿದ್ದೀರಾ?"

"ಮತ್ತೆ? ಕೂದಲೆಳೆ ಆಚೀಚೆ ಇಲ್ಲ!" ಎಂದ, ಇನ್ನೂ ಹೆಮ್ಮೆಯಿಂದ.

ಅತ್ತೆ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನಪ್ಪ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಒಲೆ ಅಂದ್ರೆ ಹಿಂದಿನ ಮೂಲೆ ಉರೀತಿರುತ್ತೆ, ಬಾಯಿ ಹತ್ರ ಮೆತ್ತಗಿರುತ್ತೆ. ಬ್ರೆಡ್ಡು ಹಿಂದೆ, ರಸ್ಕು ಮುಂದೆ. ಟ್ರೇ ಜರುಗಿಸ್ತಾ ಜರುಗಿಸ್ತಾನೇ ನನ್ನ ತೋಳು ಬಿದ್ದುಹೋಗಿದ್ದು. ಇದಕ್ಕೆ ಜರುಗಿಸೋರೂ ಬೇಡ, ದೇವರು ಕಾಲು ಕೊಟ್ಟಿದ್ದಾನೆ. ಬೇಕಾದಾಗ ಬಿಸಿಗೆ ಹೋಗುತ್ತೆ, ಸಾಕಾದಾಗ ಈಚೆ ಬರುತ್ತೆ. ನೀವು ಈಚೆ ಬರೋಕೆ ಜಾಗಾನೇ ಇಟ್ಟಿಲ್ಲ!"

ಥಂಡಿಯಣ್ಣ ಪೆಚ್ಚಾಗಿ ಅಂಗಡಿಯಾಕೆಗೆ ಫೋನು ಮಾಡಿದ. "ಅದನ್ನೇ ಸರ್ ಅವತ್ತು ಹೇಳೋಕೆ ಬಂದಿದ್ದು," ಎಂದಳಾಕೆ. "ಆ ಡಿಗ್ರಿ ಒಂದು ತುದಿಗೆ ಮಾತ್ರ. ಇನ್ನೊಂದು ತುದಿ ತಂಪಾಗಿರ್ಬೇಕು, ಗಾಳಿ ಆಡ್ಬೇಕು. ನೀವು ಕೈ ಅಡ್ಡ ಹಿಡಿದುಬಿಟ್ರಿ." ಹಾಲು ತಣ್ಣಗಿಡುವ ವಿದ್ಯೆಯನ್ನು ಜೀವದ ಮೇಲೆ ಹೇರಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಫೋನಿಟ್ಟು ಅತ್ತೆಯ ಕಡೆ ತಿರುಗಿ ತಲೆ ಕೆರೆದುಕೊಂಡ.

"ತಪ್ಪು ನಂದೇ ಅತ್ತೆ. ಈಗ ಹೆಂಗ್ ಮಾಡೋಣ ಹೇಳಿ."

"ದೀಪ ಕಿತ್ತು ಆ ಮೂಲೆಗೆ ಹಾಕಿ, ಹೇಳ್ತೀನಿ," ಎಂದು ಅತ್ತೆ ಸ್ವೆಟರಿನ ತೋಳು ಮೇಲೇರಿಸಿದರು.

ಆಮೇಲೆ ನಡೆದದ್ದು ನೋಡುವಂತಿತ್ತು. ದೀಪಗಳು ಎಡ ತುದಿಗೆ ಹೋದವು, ಅವುಗಳ ಕೆಳಗೆ ಕಲ್ಲು. ಗಾಳಿ ಸುತ್ತಿಸುವ ಫ್ಯಾನು ಹೊರಗೆ ಬಂತು. ಬಲ ತುದಿಯಲ್ಲಿ ತೂತು ಕೊರೆಯಬೇಕೆಂದಾಗ ಮಾತ್ರ ಥಂಡಿಯಣ್ಣ ಡ್ರಿಲ್ ಹಿಡಿದು ಕಣ್ಣು ಮುಚ್ಚಿಕೊಂಡ. ಫ್ರಿಜ್ಜಿನ ಗೋಡೆಯ ತೂತು ಮುಚ್ಚಿ ಅನ್ನ ತಿಂದವನು ಅವನು, ಕೊರೆದವನಲ್ಲ. "ಕೊರೀರಿ, ಅದೇನು ನಿಮ್ಮ ಹೊಟ್ಟೆಯಾ?" ಎಂದರು ಅತ್ತೆ. ಕೊರೆದ. ಹೊಸದಾಗಿ ಎಳೆದ ರಬ್ಬರ್ ಪಟ್ಟಿಯನ್ನೂ ಅರ್ಧ ಕಿತ್ತ. ಅತ್ತೆ ಕಲ್ಲಿನ ಮೇಲೆ ಅಂಗೈ ಇಟ್ಟು "ಇನ್ನೊಂದು ಚೂರು" ಎಂದರೆ ಅವನು ಥರ್ಮಾಮೀಟರ್ ನೋಡಿ "ಸಾಕು" ಎಂದ. "ಸಾಕಲ್ಲ." "ಸಾಕು ಅತ್ತೆ, ಅಂಗಡಿಯವ್ರು ಹೇಳಿದ ಡಿಗ್ರಿ ಬಂತು." "ಬ್ರೆಡ್ ಬೇಯೋ ಬಿಸಿ ಅಲ್ವಲ್ಲ ಇದು?" "ಬೇಯಿಸೋಕಲ್ಲ, ಮಲಗಿಸೋಕೆ!" ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಒಂದೇ ಮಧ್ಯಾಹ್ನದಲ್ಲಿ ಖರ್ಚಾಗುತ್ತಿತ್ತು.

ಕ್ಲಿನಿಕ್ಕಿನಿಂದ ಬಂದ ಹೆಂಡತಿಗೆ ಕೆಳಗಿನ ಮೆಟ್ಟಿಲಿನಲ್ಲೇ ಎರಡು ದನಿಗಳ ಜಗಳ ಕೇಳಿಸಿತು. ಓಡಿ ಬಂದು ನೋಡಿದರೆ, ಮೂತಿಗೆಲ್ಲ ಫ್ರಿಜ್ಜಿನ ಗೋಡೆಯಿಂದ ಉದುರಿದ ಥರ್ಮಾಕೋಲಿನ ಪುಡಿ ಮೆತ್ತಿಕೊಂಡು ತಾಯಿ ಮತ್ತು ಗಂಡ ನೆಲದ ಮೇಲೆ ಕೂತು, ಒಂದು ಮರದ ಕೊರಡು ಓರೆಯಾಗಿರಬೇಕೋ ನೆಟ್ಟಗಿರಬೇಕೋ ಎಂದು ವಾದಿಸುತ್ತಿದ್ದರು. ಅವಳತ್ತ ಯಾರೂ ತಿರುಗಿ ನೋಡಲಿಲ್ಲ.

"ನನ್ನ ಕೆಲಸ ಹೋಯ್ತು ಅನ್ನಿ," ಎಂದು ಅವಳು ಬಾಗಿಲಿಗೊರಗಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಭಾನುವಾರ ಮಗ ಕಾರು ತಂದ. ಒಳಗೆ ಬಂದವನು ಸಾಹೇಬರನ್ನು ಕಂಡು ಹೊಸ್ತಿಲಿನ ಆಚೆಗೇ ನಿಂತ. ದೊಡ್ಡ ಆಳು, ಆದರೆ ಹಲ್ಲಿ ಕಂಡರೂ ಮಂಚ ಹತ್ತುವವನು. ಸಾಹೇಬರು ಬೆಳಗಿನಿಂದ ಬಿಸಿ ಕಲ್ಲಿನ ಮೇಲೆ ಮೈ ಕಾಯಿಸಿಕೊಂಡು, ತಂಪು ತುದಿಗೆ ಹೋಗಿ ಒಂದು ನಿದ್ದೆ ತೆಗೆದು, ಈಗಷ್ಟೇ ಹಸಿವಿನಿಂದ ಎದ್ದಿದ್ದರು. ಅತ್ತೆ ಇಕ್ಕಳದಲ್ಲಿ ಒಂದು ಹುಳು ಹಿಡಿದು ಒಳಗೆ ಚಾಚಿದರು. ಸಾಹೇಬರು ತಲೆ ಓರೆ ಮಾಡಿ ನೋಡಿದರು. ಚಟಕ್ಕನೆ ನಾಲಿಗೆ ಬಂತು, ಹುಳು ಹೋಯಿತು. ಹಿಂದೆಯೇ ಇನ್ನೊಂದು, ಮತ್ತೊಂದು.

"ತಿಂದ್ರು! ಅತ್ತೆ, ತಿಂದ್ರು!" ಎಂದು ಥಂಡಿಯಣ್ಣ ಕೂಗಿದ ಕೂಗಿಗೆ ಎದುರು ಮನೆಯ ಕಿಟಕಿ ತೆರೆಯಿತು.

"ಅದೆಲ್ಲ ಸರಿ. ಅಮ್ಮ, ನಿನ್ನ ಬ್ಯಾಗೆಲ್ಲಿ? ಬಿಸಿಲೇರೋದ್ರೊಳಗೆ ಹೊರಡೋಣ," ಎಂದ ಮಗ, ಹೊಸ್ತಿಲಿನ ಆಚೆಯಿಂದಲೇ.

ಹೆಂಡತಿ ಗಂಡನ ಮುಖ ನೋಡಿದಳು. ಥಂಡಿಯಣ್ಣ ನೆಲ ನೋಡಿದ. ಇರಿ ಎಂದು ಹೇಳುವ ಆಸೆ ನಾಲಿಗೆಯ ತುದಿಯಲ್ಲಿತ್ತು, ಆದರೆ ಮಗ ಕರೆಯಲು ಬಂದಾಗ ಅಳಿಯ ಅಡ್ಡ ಬರುವುದು ಹೇಗೆ? ಕೊನೆಗೆ, "ಅತ್ತೆ, ನಿಮಗೆ ಎಲ್ಲಿ ಹಿತವೋ ಅಲ್ಲಿ..." ಎಂದು ಶುರುಮಾಡಿದ.

ಅತ್ತೆ ಅವನ ಮಾತು ಮುಗಿಯಲು ಬಿಡಲಿಲ್ಲ. ಇಕ್ಕಳ ಕೆಳಗಿಟ್ಟು ಮಗನ ಕಡೆ ತಿರುಗಿದರು.

"ನಾನು ಹೇಗೆ ಬರ್ಲಪ್ಪ? ಇವಳು ಬೆಳಗಾದ್ರೆ ಕ್ಲಿನಿಕ್ಕಿಗೆ ಓಡ್ತಾಳೆ. ಮನೇಲಿ ಎರಡು ಜೀವ ಇವೆ. ಒಂದಕ್ಕೆ ಹೊತ್ತುಹೊತ್ತಿಗೆ ಬಿಸಿ ನೋಡ್ಬೇಕು. ಇನ್ನೊಂದಕ್ಕೆ ಬಡಿಸಿದ್ದು ಆರಿದ ಮೇಲೇ ಗಂಟಲಲ್ಲಿ ಇಳಿಯೋದು, ಮೊನ್ನೆ ರಾತ್ರಿ ಅದೂ ಇಳೀಲಿಲ್ಲ. ಕೇಳಿದ್ರೆ ಬಾಯಿಬಿಟ್ಟು ಹೇಳಲ್ಲ. ಇವೆರಡನ್ನೂ ಯಾರ ಕೈಲಿ ಬಿಟ್ಟು ಬರ್ಲಿ ಹೇಳು?"

ಆ ಇನ್ನೊಂದು ಜೀವ ತಾನೇ ಎಂದು ಥಂಡಿಯಣ್ಣನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಅವನು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದ, ಭಾವಮೈದುನನ ಎದುರಿಗೇ, ನಾಚಿಕೆಯಿಲ್ಲದೆ.